ಗೋಡೆಮೋರೆ

ನನ್ನ ಗೆಳತಿ ಡೊರೀನ್ ಪ್ರವಾಸಿಗರಿಗೆ ಆ ಹಾಸ್ಯ ಹೇಳುವುದನ್ನು ನಾನು ಎಷ್ಟು ಸಲ ಕೇಳಿದ್ದೇನೋ, ಎಷ್ಟು ಸಲ ನಕ್ಕಿದ್ದೇನೋ ಲೆಕ್ಕವಿಲ್ಲ. ಆಶ್ಲೋ ಹಾಲ್ ಎಂಬ ದೊರೆಮನೆಯ ಕೆಳಗಿನ ಕಾರಿಡಾರ್‌ನಲ್ಲಿ, ಜಿಂಕೆಕೊಂಬುಗಳ ಸಾಲು ಮುಗಿಯುವಲ್ಲಿ ಯುದ್ಧಕ್ಕೂ ಮುಂಚಿನ ಒಂದು ದೊಡ್ಡ ಫೋಟೋ ಇದೆ. ಹಳೆಯ ದೊರೆ, ದೊರೆಸಾನಿ, ಬೇಟೆಗೆ ಬಂದ ಅತಿಥಿಗಳು, ನಾಯಿಗಳು, ಎಲ್ಲರೂ ಅದೇ ಕಾರಿಡಾರ್‌ನಲ್ಲಿ ಕ್ಯಾಮರಾದ ಕಡೆಗೆ ನಡೆದು ಬರುತ್ತಿದ್ದಾರೆ. ಒಂದು ಪಕ್ಕದಲ್ಲಿ ಕೆಲಸದ ಹುಡುಗಿಯೊಬ್ಬಳು ಗೋಡೆಗೆ ಮುಖ ಮಾಡಿ ನಿಂತಿದ್ದಾಳೆ. ಕಾಣುವುದು ಅವಳ ಬೆನ್ನು, ಏಪ್ರನ್ನಿನ ಗಂಟು, ಮತ್ತೆ ಶೂನಿಂದ ಅರ್ಧ ಮೇಲೆದ್ದ ಎಡಗಾಲಿನ ಹಿಮ್ಮಡಿ, ಅಷ್ಟೆ.

"ಇವಳನ್ನ ನೋಡಿ," ಎನ್ನುತ್ತಿದ್ದಳು ಡೊರೀನ್. "ಕ್ಯಾಮರಾ ಯಾವ ಕಡೆ ಇದೆ ಅಂತ ನಾಯಿಗಳಿಗೂ ಗೊತ್ತು. ನಮ್ಮ ಗೋಡೆಮೋರೆಗೆ ಮಾತ್ರ ಗೊತ್ತಿಲ್ಲ! ಕಾಲು ನೋಡಿ, ಓಡಿಹೋಗೋಕೆ ಒಂದು ಹಿಮ್ಮಡಿ ಆಗ್ಲೇ ಎತ್ತಿದಾಳೆ. ಪಾಪ, ಯಾವ ಬೋಗುಣಿ ಒಡೆದು ಬಂದಿದ್ಲೋ!"

ಜನ ಬಿದ್ದುಬಿದ್ದು ನಗುತ್ತಿದ್ದರು. ಬಸ್ಸಿನಲ್ಲಿ ಬಂದ ಮುದುಕಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ಈ ದೇಶದ ಜನಕ್ಕೆ ದೊಡ್ಡ ಮನೆ ನೋಡುವಾಗ ಎರಡೇ ಆಸೆ: ದೊರೆಗಳು ಮಲಗಿದ ಮಂಚ ನೋಡಬೇಕು, ಆಮೇಲೆ ಯಾರನ್ನಾದರೂ ನೋಡಿ ನಗಬೇಕು. ದೊರೆಗಳನ್ನು ನೋಡಿ ನಗಲು ಒಳಗೊಳಗೇ ಇನ್ನೂ ಅಂಜಿಕೆ. ಹಾಗಾಗಿ ಗೋಡೆಮೋರೆ ಸಿಕ್ಕಿದ್ದು ಎಲ್ಲರಿಗೂ ಅನುಕೂಲವಾಯಿತು.

ಈಗಿನ ದೊರೆ ಪೆರಿಗ್ರಿನ್. ಮೊಣಕೈ ಹರಿದ ಸ್ವೆಟರ್ ಹಾಕಿಕೊಂಡು ತಾನೇ ಗೇಟಿನಲ್ಲಿ ಟಿಕೆಟ್ ಹರಿಯುತ್ತಾನೆ. "ದೊರೆ ಗಿರೆ ಏನೂ ಬೇಡ, ಪೆರಿ ಅನ್ನಿ ಸಾಕು," ಎಂದು ನಮಗೆಲ್ಲ ಹೇಳಿದ್ದ. ಗೋಡೆಮೋರೆಗೆ ಇಷ್ಟು ಬೇಡಿಕೆ ಎಂದು ಗೊತ್ತಾದದ್ದೇ ತಡ, ಆ ಹುಡುಗಿಯ ಬೆನ್ನನ್ನಷ್ಟೇ ಪಾತ್ರೆ ಒರೆಸುವ ಬಟ್ಟೆಗಳ ಮೇಲೆ ಅಚ್ಚು ಹಾಕಿಸಿದ. ಕೆಳಗೆ ದಪ್ಪ ಅಕ್ಷರದಲ್ಲಿ "ನಮ್ಮ ಚಾವಣಿ ಉಳಿಸಿ" ಎಂದಿತ್ತು. ಆ ಬಟ್ಟೆ ಮಾರುತ್ತಿದ್ದವಳು ನಾನೇ. ಹಳೆಯ ಕುದುರೆಲಾಯದಲ್ಲಿ ನನ್ನ ಚಹಾದಂಗಡಿ. ಬನ್ನಿನಂಥ ಸ್ಕೋನು, ಜಾಮು, ಅದರ ಪಕ್ಕದಲ್ಲಿ ಗೋಡೆಮೋರೆ.

ಚಾವಣಿ ನಿಜಕ್ಕೂ ಸೋರುತ್ತಿತ್ತು. ಮಳೆ ಬಂದರೆ ನೃತ್ಯದ ಹಜಾರದಲ್ಲಿ ಬಕೆಟ್‌ಗಳ ಸಂತೆ. ಊರಿನಲ್ಲಿ ಅದಕ್ಕೆ ಮರುಗಿದವರು ಕಡಿಮೆ. ನನ್ನ ಗಂಡ ಕ್ಲಿಫರ್ಡ್ ಕಲ್ಲಿದ್ದಲ ಗಣಿಯಲ್ಲಿ ದುಡಿದವನು. ಗಣಿ ಮುಚ್ಚಿದ ಮೇಲೆ ಅವನ ನಾಲಿಗೆ ಇನ್ನೂ ಹರಿತವಾಗಿತ್ತು.

"ದೊರೆ ಚಾವಣಿ ಸೋರಿದ್ರೆ ದೇಶದ ಪರಂಪರೆ ಸೋರ್ತಿದೆ ಅಂತಾರೆ," ಎನ್ನುತ್ತಿದ್ದ. "ನನ್ನ ಚಾವಣಿ ಸೋರಿದ್ರೆ ಕ್ಲಿಫರ್ಡ್ ಸೋಮಾರಿ ಅಂತಾರೆ. ಬೀಳ್ಲಿ ಬಿಡೇ ಬೆರಿಲ್. ನಮ್ಮ ಗಣಿಗೆ ಯಾರು ಚಂದಾ ಎತ್ತಿದ್ರು?"

"ಆಮೇಲೆ ನನ್ನ ಸ್ಕೋನ್‌ನ ಯಾರು ತಿಂತಾರೆ, ನೀನಾ?"

"ನಾನು ಅಷ್ಟೊಂದು ಪಾಪ ಮಾಡಿಲ್ಲ."

ಡೊರೀನ್‌ಗೆ ಮಾತ್ರ ಆ ಮನೆ ಬೀಳುವುದೆಂದರೆ ಜೀವ ಹೋದಂತೆ. ಗಂಡ ತೀರಿಕೊಂಡ ಮೇಲೆ ಅವಳು ಪರದೆ ಎಳೆದುಕೊಂಡು ಕೂತಿದ್ದನ್ನು ನೋಡಿದವಳು ನಾನು. ಅವಳನ್ನು ಬಲವಂತವಾಗಿ ಇಲ್ಲಿಗೆ ಎಳೆದುಕೊಂಡು ಬಂದವಳೂ ನಾನೇ. ಸಂಬಳವಿಲ್ಲದ ಕೆಲಸ. ಎದೆಯ ಮೇಲೆ ಹೆಸರಿನ ಬಿಲ್ಲೆ ಚುಚ್ಚಿಕೊಂಡು, ನೋಡಲು ಬಂದವರಿಗೆ ಮನೆ ತೋರಿಸುವುದು. ಮೊದಲ ವಾರ ಪಿಸುಗುಟ್ಟುತ್ತಿದ್ದಳು. ಆಮೇಲೊಂದು ದಿನ ಆ ಫೋಟೋದ ಮುಂದೆ ಯಾರೋ ಕೇಳಿದ್ದಕ್ಕೆ ಏನೋ ಹೇಳಿದಳು, ಜನ ನಕ್ಕರು. ಅವಳ ಮುಖ ಅರಳಿದ್ದು ನನಗೆ ಇನ್ನೂ ನೆನಪಿದೆ. ಅವತ್ತಿನಿಂದ ಡೊರೀನ್ ಮತ್ತೆ ಮನುಷ್ಯಳಾದಳು.

ಅವಳ ತಾಯಿ ಎಲ್ಸಿ ಚಿಕ್ಕವಳಿದ್ದಾಗ ಹಾಲ್‌ನಲ್ಲಿ ಕೆಲಸಕ್ಕಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಅದರ ಬಗ್ಗೆ ಎಲ್ಸಿ ಆಡುತ್ತಿದ್ದದ್ದು ಒಂದೇ ಮಾತು: "ಹೊಟ್ಟೆಗೆ ಹಾಕಿದ್ರು." ಮದುವೆಯಾಗಿ ಕೆಲಸ ಬಿಟ್ಟವಳು ಮತ್ತೆ ಆ ಗೇಟು ದಾಟಿರಲಿಲ್ಲ. ಮಗಳು ಕರೆದಾಗಲೆಲ್ಲ ಮಂಡಿನೋವು ಬರುತ್ತಿತ್ತು. ಆದರೆ ಅದೇ ಮಂಡಿ ಪ್ರತಿ ಭಾನುವಾರ ಗುಡ್ಡ ಹತ್ತಿ ಚರ್ಚಿಗೆ ಹೋಗುತ್ತಿತ್ತು.

ಕ್ರಿಸ್‌ಮಸ್‌ಗೆ ಡೊರೀನ್ ತಾಯಿಗೆ ಗೋಡೆಮೋರೆಯ ಬಟ್ಟೆಯನ್ನೇ ಉಡುಗೊರೆ ಕೊಟ್ಟಳು. ಒಮ್ಮೆ ಅವರ ಮನೆಯಲ್ಲಿ ಚಹಾ ಕುಡಿದಾಗ ನೋಡಿದೆ: ಎಲ್ಸಿ ಚಿತ್ರ ಒಳಗೆ ಬರುವಂತೆ ಬಟ್ಟೆ ಮಡಚಿಕೊಂಡು, ಆ ಮಡಿಕೆಯಿಂದಲೇ ಬಟ್ಟಲು ಒರೆಸುತ್ತಿದ್ದಳು. ಕಲೆಯಾಗಬಾರದೆಂದು ಜೋಪಾನ ಮಾಡುತ್ತಿದ್ದಾಳೆ ಎಂದುಕೊಂಡೆ. ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು.

ವಸಂತದಲ್ಲಿ ಪೆರಿ ಓಡೋಡಿ ಬಂದ. ಹಳೆಯ ಕಟ್ಟಡಗಳಿಗೆ ನೆರವು ಕೊಡುವ ನಿಧಿಯೊಂದರಿಂದ ಒಬ್ಬ ಹೆಂಗಸು ಮನೆ ನೋಡಲು ಬರುತ್ತಾಳಂತೆ. ಈಗ ಅವರಿಗೆ ದೊರೆಗಳ ಕಥೆ ಸಾಕಾಗಿದೆಯಂತೆ, ಕೆಳಗಿನವರ ಕಥೆ ಬೇಕಂತೆ.

"ಡೊರೀನ್, ನಿಮ್ಮ ತಾಯಿ ಬಂದು ಎರಡು ಮಾತು ಹೇಳಿದ್ರೆ ಸಾಕು," ಎಂದ. "ಇಲ್ಲಿ ದುಡಿದವರೇ ಈ ಮನೆ ಉಳೀಲಿ ಅಂತಾರೆ ಅಂದ್ರೆ ಅದರ ತೂಕಾನೇ ಬೇರೆ. ಇಲ್ಲಾಂದ್ರೆ ಬೇಸಿಗೆ ಮುಗೀತಿದ್ದ ಹಾಗೆ ಬೀಗ ಹಾಕಬೇಕಾಗತ್ತೆ."

ಅದೇ ದಿನ ಅಂಗಡಿ ಮುಚ್ಚಿದ ಮೇಲೆ ಡೊರೀನ್ ನನ್ನನ್ನೂ ಕರೆದುಕೊಂಡು ತಾಯಿಯ ಹತ್ತಿರ ಹೋದಳು. ಎಲ್ಸಿ ಆಲೂಗಡ್ಡೆ ಸುಲಿಯುತ್ತ ಎಲ್ಲ ಕೇಳಿಸಿಕೊಂಡಳು.

"ನಂಗೇನು ಮಾತು ಬರತ್ತೆ? ಬೇರೆ ಯಾರನ್ನಾದ್ರೂ ಕರಿ."

"ಬೇರೆಯವರೆಲ್ಲ ಸ್ಮಶಾನದಲ್ಲಿದಾರಲ್ಲಮ್ಮ!"

"ಅವರೇ ಪುಣ್ಯವಂತರು."

"ಅಮ್ಮ, ಒಂದು ಒಳ್ಳೇ ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗತ್ತೆ? ಹೊಟ್ಟೆಗೆ ಹಾಕಿದ್ರು ಅಂತ ನೀನೇ ಹೇಳ್ತೀಯ. ಉಂಡ ಮನೆ ಬೀಳ್ಲಿ ಅಂತೀಯಾ?" ಡೊರೀನ್‌ಳ ದನಿ ಏರಿತ್ತು. "ಆ ಮನೆ ಮುಚ್ಚಿದ್ರೆ ನಾನೆಲ್ಲಿ ಹೋಗ್ಲಿ? ಮತ್ತೆ ಪರದೆ ಎಳ್ಕೊಂಡು ಕೂರ್ಲಾ? ನಿಂಗೆ ಅದೇ ಇಷ್ಟಾನಾ?"

ಎಲ್ಸಿಯ ಕೈಯಲ್ಲಿ ಚಾಕು ನಿಂತಿತು. ಮಗಳ ಮುಖವನ್ನೇ ನೋಡುತ್ತಿದ್ದಳು.

"ಯಾವ ಕೋಟ್ ಹಾಕ್ಕೊಳ್ಲಿ?" ಎಂದಳು.

ಗೊತ್ತುಮಾಡಿದ ದಿನ ಊಟ ಮುಗಿಸಿ ಹೊರಟೆವು. ಎಲ್ಸಿಗೆ ಒಂದು ಕೈಯಲ್ಲಿ ಕೋಲು, ಇನ್ನೊಂದು ಕಡೆ ನನ್ನ ತೋಳು. ಗೇಟು ದಾಟಿದ್ದೇ ತಡ, ಅವಳ ಕಾಲು ತಾನಾಗಿಯೇ ಕಲ್ಲಿದ್ದಲು ಸುರಿಯುವ ಅಂಗಳದಲ್ಲಿದ್ದ ಆಳುಗಳ ಹಿಂಬಾಗಿಲಿನ ಕಡೆ ತಿರುಗಿತು. "ಅಯ್ಯೋ ಅಮ್ಮ, ಇವತ್ತು ನೀನೇ ದೊರೆಸಾನಿ ಕಣೇ!" ಎಂದು ಡೊರೀನ್ ನಗುತ್ತ ಅವಳನ್ನು ಮುಂಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದಳು. ಎಲ್ಸಿ ಹೊಸ್ತಿಲಲ್ಲಿ ಕಾಲೊರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ನಾನು ಸಾಕು ಎನ್ನುವವರೆಗೂ ಒರೆಸಿಕೊಳ್ಳುತ್ತಲೇ ಇದ್ದಳು.

ನಿಧಿಯ ಹೆಂಗಸು ಒಳ್ಳೆಯವಳೇ. ಎಲ್ಲದಕ್ಕೂ "ಎಷ್ಟು ಚೆನ್ನಾಗಿದೆ" ಎನ್ನುತ್ತಿದ್ದಳು, ಬಕೆಟ್‌ಗಳನ್ನು ನೋಡಿಯೂ ಹಾಗೇ ಅಂದಳು. ಅವಳ ಹಿಂದೆ ಅವತ್ತು ಬಂದಿದ್ದ ಪ್ರವಾಸಿಗರ ಒಂದು ಗುಂಪು, ಗುಂಪಿನ ಬಾಲದಲ್ಲಿ ನಾನು ಮತ್ತು ಎಲ್ಸಿ. ಡೊರೀನ್‌ಳ ಮಾತು ಅವತ್ತು ಹುರಿದ ಅರಳಿನಂತೆ ಸಿಡಿಯುತ್ತಿತ್ತು. ಕೊಂಬುಗಳ ಸಾಲು ದಾಟಿದಳು, ಫೋಟೋದ ಮುಂದೆ ನಿಂತಳು.

"ಈಗ ನಮ್ಮ ಗೋಡೆಮೋರೆಯನ್ನ ನೋಡಿ..."

ನಾಯಿಗಳು ಬಂದವು, ಹಿಮ್ಮಡಿ ಬಂತು, ಬೋಗುಣಿ ಒಡೆಯಿತು. ಎಲ್ಲರೂ ನಕ್ಕರು. ನಾನೂ ಅಭ್ಯಾಸಬಲದಿಂದ ನಕ್ಕೆ.

ಅಷ್ಟರಲ್ಲಿ ಕಾರಿಡಾರ್‌ನ ಆ ತುದಿಯ ಬಾಗಿಲು ತೆರೆಯಿತು. ಪೆರಿ ಕಲ್ಲುಹಾಸಿನ ಮೇಲೆ ಬೂಟು ಸದ್ದು ಮಾಡುತ್ತ, ಕೈ ಚಾಚಿಕೊಂಡು ದಾಪುಗಾಲಿನಲ್ಲಿ ಬಂದ. "ಎಲ್ಲಿದಾರೆ ನಮ್ಮ ಎಲ್ಸಿ? ನಮ್ಮ ಗೌರವಾನ್ವಿತ ಅತಿಥಿ ಎಲ್ಲಿ?" ಎನ್ನುತ್ತಿದ್ದ. ಮುಖದ ತುಂಬ ನಗು.

ಎಲ್ಸಿ ನನ್ನ ತೋಳು ಬಿಟ್ಟಳು. ಕೋಲೂರಿ, ಸರಕ್ಕನೆ ತಿರುಗಿ, ಗೋಡೆಗೆ ಮುಖ ಮಾಡಿ ನಿಂತಳು. ಮೂಗು ಸುಣ್ಣಕ್ಕೆ ತಾಗುವಷ್ಟು ಹತ್ತಿರ. ತಲೆ ಬಗ್ಗಿತ್ತು.

ಪೆರಿ ಚಾಚಿದ ಕೈ ಹಾಗೇ ಇಟ್ಟುಕೊಂಡು ನಿಂತ. ನಿಧಿಯ ಹೆಂಗಸು, "ಅವರಿಗೆ ಹುಷಾರಿಲ್ವಾ?" ಎಂದಳು.

ಎಲ್ಸಿ ಗೋಡೆಗೇ ಹೇಳಿದಳು: "ತಾವು ದಾಟಿ ಹೋಗಿ ಸ್ವಾಮಿ. ದಾಟಿದ ಮೇಲೆ ತಿರುಗ್ತೀನಿ."

ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲರಿಗೂ ಅರ್ಥವಾಗತೊಡಗಿತು. ದೊರೆಯ ಮನೆಯವರು ಬರುವಾಗ ಕೆಲಸದ ಹುಡುಗಿಯ ಮುಖ ಅವರ ಕಣ್ಣಿಗೆ ಬೀಳಕೂಡದು. ಅದು ಆ ಮನೆಯ ಕಟ್ಟಳೆ. ಯುದ್ಧ ಬಂದು ಕಟ್ಟಳೆ ಸತ್ತಿತು, ಹೇಳುವವರೂ ಸತ್ತರು. ಈ ಒಂದು ಬೆನ್ನಿಗೆ ಮಾತ್ರ ಅದು ನೆನಪಿತ್ತು. ನಾನು ಆ ಬೆನ್ನನ್ನು ನೋಡಿದೆ, ಕೆಳಗೆ ನೋಡಿದೆ. ಎಲ್ಸಿಯ ಎಡಗಾಲಿನ ಹಿಮ್ಮಡಿ ಶೂನಿಂದ ಅರ್ಧ ಮೇಲೆದ್ದಿತ್ತು.

ಡೊರೀನ್ ಫೋಟೋ ನೋಡಿದಳು. ತಾಯಿಯನ್ನು ನೋಡಿದಳು. ಮತ್ತೆ ಫೋಟೋ. ಅವಳ ಬಾಯಿಯಲ್ಲಿ ಆ ನಗು ಇನ್ನೂ ಉಳಿದಿತ್ತು, ಅದನ್ನು ಎಲ್ಲಿ ಇಡಬೇಕೆಂದು ಅವಳಿಗೆ ಗೊತ್ತಾಗಲಿಲ್ಲ.

ಪೆರಿ ಪಾಪ, ಬೂಟಿನ ಸದ್ದಾಗದಂತೆ ನಮ್ಮನ್ನು ದಾಟಿ ಹೋದ. ದಾಟುವುದೇ ಸರಿಯೆಂದು ಅವನಿಗೆ ಹೇಗೋ ಹೊಳೆಯಿತು. ಅವನ ಕಿವಿ ಕೆಂಪಗಾಗಿತ್ತು. ಆಮೇಲೆ ಎಲ್ಸಿ ತಿರುಗಿದಳು, ಕೋಟು ಸರಿಮಾಡಿಕೊಂಡಳು, ನಿಧಿಯ ಹೆಂಗಸಿನ ಕಡೆ ನೋಡಿ ಕಲಿತ ಪಾಠ ಒಪ್ಪಿಸುವವಳಂತೆ ಹೇಳಿದಳು:

"ಒಳ್ಳೇ ಮನೆ ತಾಯಿ. ಹೊಟ್ಟೆಗೆ ಹಾಕಿದ್ರು. ಇದು ಬೀಳಬಾರದು. ನನ್ನ ಮಗಳು ಇಲ್ಲಿ ಚೆನ್ನಾಗಿದಾಳೆ."

ಆ ಹೆಂಗಸಿನ ಕಣ್ಣು ಒದ್ದೆಯಾಗಿತ್ತು. "ನಮಗೆ ಬೇಕಿದ್ದದ್ದು ಇದೇ," ಎಂದಳು. ಆ ಫೋಟೋವನ್ನು ಗೋಡೆಯಿಂದ ಇಳಿಸಿಬಿಡುತ್ತೇನೆಂದು ಪೆರಿ ಆಮೇಲೆ ಹೇಳಿದಾಗ ಅವಳು ಗಾಬರಿಯಾದಳು. "ದಯವಿಟ್ಟು ಬೇಡ! ಇದೇ ಈ ಮನೆಯ ನಿಜವಾದ ಕಥೆ. ಇನ್ನೂ ದೊಡ್ಡದು ಮಾಡಿಸಿ." ಕ್ಲಿಫರ್ಡ್‌ಗೆ ಇದನ್ನು ಹೇಳಿದಾಗ ಅವನು ಮೊದಲ ಬಾರಿಗೆ ಏನೂ ಹಾಸ್ಯ ಮಾಡಲಿಲ್ಲ. "ಆಗ ಬೆನ್ನು ಅವರ ಕೆಲಸಕ್ಕೆ ಬಂತು, ಈಗ್ಲೂ ಅವರ ಕೆಲಸಕ್ಕೇ," ಎಂದು ಎದ್ದು ಹೋದ.

ಅವತ್ತು ಮನೆಗೆ ಬಂದ ಮೇಲೆ ಡೊರೀನ್ ತಾಯಿಯ ಶೂ ಬಿಚ್ಚಲು ನೆಲದ ಮೇಲೆ ಕೂತಳು. ನಾನು ಕೆಟಲ್ ಇಡುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತೆ.

"ಯಾಕಮ್ಮ ಹೇಳ್ಲಿಲ್ಲ?"

"ಏನಂತ ಹೇಳೋದು?"

"ಅದು ನಾನೇ ಅಂತ! ಆ ಬಟ್ಟೆ ನಿನ್ನ ಕೈಗೇ ಕೊಟ್ಟೆನಲ್ಲ, ನನ್ನ ಮುಖಕ್ಕೆ ಎಸೀಬಾರದಾಗಿತ್ತಾ?"

"ಗಂಡ ಸತ್ತ ಮೇಲೆ ನೀನು ನಕ್ಕಿದ್ದು ಆ ಮನೇಲಿ," ಎಂದಳು ಎಲ್ಸಿ. "ಯಾವಳೋ ಒಬ್ಬ ಹುಡುಗೀನ ನೋಡಿ ನಗ್ತಾರಂತೆ, ನೀನು ನಗಿಸ್ತೀಯಂತೆ ಅಂತ ಬೆರಿಲ್ ಬಂದು ಹೇಳಿದ್ಲು. ನನ್ನ ಬೆನ್ನಿಂದ ನಿನಗೆ ಅಷ್ಟಾದ್ರೂ ಆಯ್ತಲ್ಲ ಅನ್ಕೊಂಡೆ."

ಡೊರೀನ್ ತಾಯಿಯ ಪಾದ ಹಿಡಿದುಕೊಂಡು ಅತ್ತಳು. "ಮಗಳಾಗಿ ನಿನ್ನ ಬೆನ್ನು ಗುರುತು ಸಿಗ್ಲಿಲ್ವಲ್ಲಮ್ಮ ನನಗೆ," ಎನ್ನುತ್ತಿದ್ದಳು. "ಹಿಮ್ಮಡಿ ಬೇರೆ ತೋರಿಸಿ ತೋರಿಸಿ ಆಡ್ಕೊಂಡೆ."

"ನನಗಿಂತ ಮುಂಚೆ ಕೆಲಸಕ್ಕಿದ್ದವಳ ಶೂ ಅದು," ಎಂದಳು ಎಲ್ಸಿ. "ಕಚ್ತಿತ್ತು."

ಕುದಿಯುವ ನೀರು ನೋಡುತ್ತ ನಿಂತಿದ್ದ ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಹೌದು, ಹೋಗಿ ಹೇಳಿದವಳು ನಾನೇ, ನಗುನಗುತ್ತ ಹೇಳಿದ್ದೆ.

ನೆರವು ಸಿಕ್ಕಿತು. ಚಾವಣಿಗೆ ಸೀಸದ ಹೊಸ ಹಾಳೆ ಬಂತು, ಬಕೆಟ್‌ಗಳು ಉಗ್ರಾಣ ಸೇರಿದವು. ಡೊರೀನ್ ಇನ್ನು ಬರುವುದಿಲ್ಲವೆಂದಳು. ತಾಯಿಯೇ ಅವಳ ಬಿಲ್ಲೆ ಉಜ್ಜಿ ಕೋಟಿಗೆ ಚುಚ್ಚಿ ಕಳಿಸಿದಳು. "ಇಷ್ಟೆಲ್ಲ ಆದ್ಮೇಲೆ ನೀನು ಮನೇಲಿ ಕೂತ್ರೆ ನಾನು ಹೋಗಿ ಬಂದಿದ್ದು ದಂಡ," ಎಂದಳಂತೆ.

ಚಾವಣಿ ಕೆಲಸ ಮುಗಿದು ಮತ್ತೆ ಬಾಗಿಲು ತೆರೆದ ಮೊದಲ ಶನಿವಾರ ನಾನು ಸ್ಕೋನಿನ ತಟ್ಟೆ ಹಿಡಿದು ಕಾರಿಡಾರ್ ದಾಟುತ್ತಿದ್ದೆ. ಡೊರೀನ್ ಫೋಟೋದ ಮುಂದೆ ಬಿಳುಚಿಕೊಂಡು ನಿಂತಿದ್ದಳು. ಫೋಟೋ ಈಗ ಗೋಡೆಯಷ್ಟು ದೊಡ್ಡದು. ಎದುರಿಗೆ ಒಂದು ಬಸ್ಸಿನ ಜನ.

"ಗೋಡೆಮೋರೆ ಕಥೆ ಹೇಳಿ!" ಎಂದ ಒಬ್ಬ ದಪ್ಪ ಮನುಷ್ಯ. "ನನ್ನ ತಂಗಿ ಹೋದ ವರ್ಷ ಕೇಳ್ಕೊಂಡು ಬಂದಿದ್ಲು, ಹೊಟ್ಟೆ ಹುಣ್ಣಾಗೋ ಹಾಗೆ ಹೇಳ್ತೀರಂತೆ."

ಡೊರೀನ್ ಗೋಡೆಗೆ ನಿಂತ ಹುಡುಗಿಯತ್ತ ಕೈ ತೋರಿಸಿದಳು.

"ಇವಳ ಹೆಸರು ಎಲ್ಸಿ," ಎಂದಳು. "ಇವಳು ನಮ್ಮಮ್ಮ."

ಆ ದಪ್ಪ ಮನುಷ್ಯ ತೊಡೆ ತಟ್ಟಿಕೊಂಡು ನಕ್ಕ, ಅವನ ಹಿಂದೆ ಇಡೀ ಬಸ್ಸೇ ನಕ್ಕಿತು. ಹೇಳುವ ಧಾಟಿಯೇ ಎಷ್ಟು ಮಜವಾಗಿದೆ ಎಂದು ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡರು. ಡೊರೀನ್ ಮತ್ತೆ ಹೇಳಿದಳು, "ಇಲ್ಲ, ನಿಜವಾಗ್ಲೂ ನಮ್ಮಮ್ಮ." ಅದಕ್ಕೆ ಇನ್ನೂ ಜೋರಾಗಿ ನಕ್ಕರು. ಅವಳು ಮೆಲ್ಲಗೆ ತಿರುಗಿ, ಫೋಟೋದ ಪಕ್ಕದ ಗೋಡೆಗೆ ಹಣೆ ಹಚ್ಚಿ ನಿಂತಳು. ಅವರು ಚಪ್ಪಾಳೆ ತಟ್ಟಿದರು.

ಆಮೇಲೆ ಅವರೆಲ್ಲ ಚಹಾಕ್ಕೆ ನನ್ನ ಅಂಗಡಿಗೆ ಬಂದರು. ಗೋಡೆಮೋರೆ ಬಟ್ಟೆ ಇದೆಯಾ ಎಂದು ಕೇಳಿದರು. ಇತ್ತು. ಸುತ್ತಿ ಕೊಟ್ಟೆ.