ಮೊಣಕಾಲಿನ ಬಿಳಿ ಪಟ್ಟಿ

ಕುತ್ತಿಗೆಗೆ ತಣ್ಣಗೆ ಏನೋ ತಾಗಿ ಕಾಲರಿನೊಳಕ್ಕೆ ಜಾರಿತು, ಕಿತ್ತಳೆ ಸಿಪ್ಪೆ ಇರಬೇಕು, ಅಥವಾ ಉಗುಳು, ಕಿತ್ತಳೆಯೇ ಇರಲಿ ದೇವರೇ, ಕೈ ಹಾಕಿ ನೋಡಬಾರದು, ನೋಡಿದರೆ ಬೆನ್ನ ಹಿಂದಿನವರಿಗೆ ಪಂದ್ಯ ಗೆದ್ದಷ್ಟು ಸಂತೋಷ, ಕಣ್ಣು ಮಾತ್ರ ಎದುರು ತಂಡದ ಗೋಲ್‌ಕೀಪರನ ಮುಂದಿನ ಕೊನೆಯ ಕಾವಲಿನವನ ಮೇಲೆ, ಅವನು ಮುಂದೆ ಬಂದರೆ ಅವಳೂ ಗೆರೆಯ ಗುಂಟ ಮುಂದೆ, ಅವನು ಹಿಂದೆ ಓಡಿದರೆ ಅವಳೂ ಹಿಂದೆ, ಫುಟ್‌ಬಾಲ್ ಮೈದಾನದ ಕಡೆಯ ಕೈಯಲ್ಲಿ ಗೆರೆ ರೆಫರಿಯ ಬಾವುಟ, ಅದು ಪಟಪಟ ಅನ್ನಬಾರದು — ಏಯ್ ಕುರುಡೀ, ಮನೆಗ್ಹೋಗಿ ಪಾತ್ರೆ ತೊಳಿಯೇ, ಜಿಡ್ಡಾದ್ರೂ ಕಾಣುತ್ತಾ ನೋಡೋಣ — ಗ್ಯಾಲರಿ ಪೂರ್ತಿ ಗೊಳ್ಳೆಂದಿತು, ಇದು ಗಂಟಲಿನ ಮಾತು, ಆ ದಪ್ಪ ಮನುಷ್ಯನನ್ನು ಎಲ್ಲರೂ ಗಂಟಲು ಅಂತಲೇ ಕರೆಯುವುದು, ಹೋದ ವಾರ ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬಂದಿದ್ದ, ಸೊಟ್ಟಗಾದ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿ ಅವನ ಕಿವಿಗೆ ಸರಿಯಾಗಿ ಕೂರಿಸಿ ಕೊಟ್ಟಿದ್ದಳು, ನಿಮ್ಮ ಕೈ ತುಂಬಾ ನಾಜೂಕು ಕಣಮ್ಮಾ ಅಂದಿದ್ದ, ಪಾಪ, ಈಗ ಅದೇ ಕನ್ನಡಕ ಹಾಕಿಕೊಂಡು ಅವಳನ್ನೇ ಕುರುಡಿ ಅನ್ನುತ್ತಿದ್ದಾನೆ, ಅವಳು ಮಾಡಿದ ಕೆಲಸ ಚೆನ್ನಾಗಿಯೇ ಇದೆ ಅಂತಾಯಿತು, ಅಷ್ಟು ದೂರದಿಂದ ಎಲ್ಲ ಕಾಣಿಸುತ್ತಿದೆ ಅವನಿಗೆ. ನಗು ಬಂತು, ತುಟಿ ಕಚ್ಚಿ ಕಾವಲಿನವನ ಜೊತೆ ಎರಡು ಹೆಜ್ಜೆ ಹಿಂದೆ ಸರಿದಳು.

ಹಿಂದೆ ಇರೋದು ಜನ ಅಲ್ಲ ಮಗಳೇ, ಗೋಡೆ ಅಂತ ತಿಳ್ಕೋ, ಗೋಡೆ ಕಡೆ ಯಾರಾದ್ರೂ ತಿರುಗಿ ನೋಡ್ತಾರಾ, ಅಂದಿದ್ದರು ಕೆಲಸ ಕಲಿಸಿದ ಹಿರಿಯ ರೆಫರಿ, ಅವರ ಹಣೆಯ ಮೇಲೆ ಕಲ್ಲೇಟಿನ ಹಳೇ ಗುರುತು, ಇನ್ನೂ ಒಂದು ಹೇಳಿದ್ದರು, ಕಂಡ ತಕ್ಷಣ ಬಾವುಟ ಎತ್ಬೇಡ, ಒಂದು ಉಸಿರು ತಡಿ, ಕಂಡಿದ್ದು ನಿಜಾನಾ ಅಂತ ಮನಸ್ಸಿಗೆ ಕೇಳು, ಆಮೇಲೆ ಎತ್ತು, ಎತ್ತಿದ ಮೇಲೆ ದೇವರು ಬಂದ್ರೂ ಇಳಿಸ್ಬೇಡ. ಮೊದಲ ಅರ್ಧದಲ್ಲಿ ಹಾಗೇ ಮಾಡಿದಳಲ್ಲ, ಊರ ತಂಡದ ಒಂಬತ್ತನೇ ನಂಬರಿನ ಹುಡುಗ, ಮೊಣಕಾಲಿಗೆ ಬಿಳಿ ಪಟ್ಟಿ ಸುತ್ತಿಕೊಂಡವನು, ಚೆಂಡು ಅವನ ಜೊತೆಗಾರನ ಕಾಲು ಬಿಡುವ ಹೊತ್ತಿಗೆ ಆ ಪಟ್ಟಿ ಕೊನೆಯ ಕಾವಲಿನವನನ್ನು ದಾಟಿ ಗೋಲಿನ ಕಡೆಗಿತ್ತು, ಪಟ್ಟಿಗೂ ಕಾವಲಿನವನ ಬೂಟಿಗೂ ನಡುವೆ ಗೇಣಗಲ ಹಸಿರು ಹುಲ್ಲು, ಆಫ್‌ಸೈಡ್, ಒಂದು ಉಸಿರು ತಡೆದಳು, ಎತ್ತಿದಳು, ಬಲೆಗೆ ಬಿದ್ದಿದ್ದ ಗೋಲು ಗೋಲಲ್ಲ ಎಂದಾಯಿತು, ಗ್ಯಾಲರಿ ಅವಳ ಮೈಮೇಲೆ ಬಿತ್ತು. ನಡುವೆ ಶೀಟಿ ಊದುವ ದೊಡ್ಡ ರೆಫರಿಗೂ ಬೈಯುತ್ತಾರೆ, ಇಲ್ಲ ಅನ್ನುವ ಹಾಗಿಲ್ಲ, ಕಳ್ಳ, ಲಂಚಕೋರ, ನಿನ್ನ ತಾಯಿ ಹಾಗೆ, ತಂದೆ ಹೀಗೆ, ಆದರೆ ಅವನಿಗೆ ಬೈಯುವುದು ಅವನು ಕೊಟ್ಟ ತೀರ್ಪಿಗೆ, ಅವಳಿಗೆ ಬೈಯುವುದು ಅವಳ ಕಾಲಿಗೆ, ಚಡ್ಡಿಗೆ, ಎದೆಗೆ, ಓಡುವಾಗ ಏನು ಕುಲುಕುತ್ತದೆ ಅನ್ನುವುದಕ್ಕೆ, ಛೀ, ಹೆಂಡತಿ ಮಕ್ಕಳಿರುವ ಬಾಯಿಗಳು, ಕೆಲವರ ಮಕ್ಕಳು ಅಲ್ಲೇ ಪಕ್ಕದಲ್ಲಿ ಕೂತಿವೆ, ಅಪ್ಪನ ಮಾತನ್ನು ತೊದಲುತ್ತಾ ಒಪ್ಪಿಸುತ್ತಿವೆ. ಅದಕ್ಕೂ ಅವಳು ತಿರುಗಿರಲಿಲ್ಲ. ಆಮೇಲೆ ಶಿಳ್ಳೆ ಬಂತು, ಎರಡು ಬೆರಳು ನಾಲಿಗೆಯ ಕೆಳಗೆ ಮಡಚಿ ಹಾಕುವ ಶಿಳ್ಳೆ, ಮೊದಲು ಉದ್ದಕ್ಕೆ, ಕೊನೆಗೆ ಚೂಪಾಗಿ ಮೇಲೇಳುವುದು, ಚಿಕ್ಕವಳಿದ್ದಾಗ ಸಂಜೆ ಓಣಿಯ ಕೊನೆಯಿಂದ ಅವಳನ್ನು ಆಟಕ್ಕೆ ಕರೆಯುತ್ತಿದ್ದ ಶಿಳ್ಳೆ, ಪ್ರಪಂಚದಲ್ಲಿ ಇನ್ನೊಬ್ಬರು ಹಾಗೆ ಹಾಕುವುದಿಲ್ಲ. ಅಣ್ಣ.

ಬೆಳಗ್ಗೆ ಅಡುಗೆಮನೆಯಲ್ಲಿ ನಿಂತುಕೊಂಡೇ ಚಹಾ ಕುಡಿಯುತ್ತಾ ಕೇಳಿದ್ದ, ಇವತ್ತು ನೀನು ಯಾವ ಕಡೆ ಗೆರೆ, ಗಡಿಯಾರದ ಕಡೆ ಅಣ್ಣ, ಹಾಗಾದ್ರೆ ನಾನು ಆಚೆ ಕಡೆ ಕೂರ್ತೀನಿ ಬಿಡು, ಅಂದು ಬ್ರೆಡ್ ವ್ಯಾನಿನ ಬೀಗದ ಕೈ ತೆಗೆದುಕೊಂಡು ಸೊಟ್ಟಗಾಲು ಎಳೆಯುತ್ತಾ ಹೊರಟಿದ್ದ, ಅಮ್ಮ ಒಲೆಯ ಕಡೆ ಮುಖ ಮಾಡಿಯೇ, ತಂಗಿ ಕಣೋ ಅವಳು ಅಂದಳು, ಅವನು, ಅದು ಮನೇಲಿ ಕಣಮ್ಮಾ. ಅಷ್ಟೇ. ಅವನ ಜೊತೆ ನಿಂತು ಕೂಗುವವರಲ್ಲಿ ಒಬ್ಬರಿಗೂ ಗೊತ್ತಿಲ್ಲ, ಅವನು ಹೇಳಿಲ್ಲ, ಹೇಳಲು ನಾಚಿಕೆ. ಅವನ ಕಾಲು ಮುರಿದದ್ದು ಇದೇ ಮೈದಾನದಲ್ಲಿ, ಗೋಲಿನ ಮುಂದೆ ಎದುರಾಳಿ ಎರಡೂ ಕಾಲೆತ್ತಿ ಅವನ ಮೊಣಕಾಲಿನ ಮೇಲೆ ಬಿದ್ದ, ಆವತ್ತಿನ ರೆಫರಿ ಬೇರೆಲ್ಲೋ ನೋಡುತ್ತಿದ್ದ, ಶೀಟಿ ಊದಲೇ ಇಲ್ಲ, ಆಟ ಮುಂದುವರಿಯಿತು, ಅಣ್ಣ ಹುಲ್ಲು ಹಿಡಿದುಕೊಂಡು ಅಲ್ಲೇ ಬಿದ್ದಿದ್ದ, ಆಮೇಲೆ ದಿನಾ ಸಂಜೆ ಅವನ ಮೊಣಕಾಲಿಗೆ ಪಟ್ಟಿ ಸುತ್ತುತ್ತಿದ್ದವಳು ಅವಳೇ, ಬಿಳಿ ಪಟ್ಟಿ, ಬಿಗಿಯಾಯ್ತಾ ಅಣ್ಣ, ಇನ್ನೂ ಬಿಗಿ ಮಾಡು, ನೋವಾಗುತ್ತೆ ಕಣೋ, ಆಗ್ಲಿ ಬಿಡು. ಪಟ್ಟಿ ಸುತ್ತಿಸಿಕೊಳ್ಳುತ್ತಲೇ ಅವಳಿಗೆ ಆಟ ಹೇಳಿಕೊಟ್ಟ, ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯೇ ಗೋಲು, ಲೋಟ ಕೊನೆಯ ಕಾವಲಿನವನು, ಬೆಂಕಿಪೊಟ್ಟಣ ನಾನು, ಚೆಂಡು ಈ ಕಡೆಯಿಂದ ಹೊರಡೋವಾಗ ಬೆಂಕಿಪೊಟ್ಟಣ ಲೋಟ ದಾಟಿತ್ತೋ ಇಲ್ವೋ, ಬೇಗ ಹೇಳೇ, ದಾಟಿತ್ತು ಅಣ್ಣ, ಭಲೇ, ನಿನ್ನ ಕಣ್ಣು ಕಣ್ಣಲ್ಲ ಕಣೇ. ಆ ಕಣ್ಣಿಟ್ಟುಕೊಂಡೇ ರೆಫರಿ ಪರೀಕ್ಷೆ ಪಾಸು ಮಾಡಿ ಕರಿ ಅಂಗಿ ತೊಟ್ಟು ಅವನ ಮುಂದೆ ನಿಂತಾಗ ಅವನ ಮುಖ ಸುಟ್ಟ ಬದನೆಕಾಯಿ ಆಗಿತ್ತು, ನನ್ನ ಕಾಲು ಮುರಿದವರ ಗುಂಪಿಗೇ ಹೋಗಿ ಸೇರ್ಕೊಂಡ್ಯಲ್ಲೇ, ಬೇರೆ ಅಂಗಿ ಸಿಗಲಿಲ್ವಾ ನಿಂಗೆ.

ಅರ್ಧ ಸಮಯದಲ್ಲಿ ಅವಳು ಕೂತದ್ದು ಸಾಮಾನಿನ ಕೋಣೆಯಲ್ಲಿ, ಹೆಂಗಸರಿಗೆ ಬೇರೆ ಕೋಣೆ ಇಲ್ಲವಲ್ಲ, ಹರಿದ ಬಲೆಗಳು, ಗೆರೆ ಎಳೆಯುವ ಸುಣ್ಣದ ಚೀಲ, ಚೀಲದ ಮೇಲೆ ಕೂತು ನೀರು ಕುಡಿದಳು, ಬಾಗಿಲ ಹೊರಗೇ ನಿಂತು ದೊಡ್ಡ ರೆಫರಿ, ನಿನ್ನ ತೀರ್ಪು ಸರಿಯಾಗೇ ಇತ್ತಮ್ಮ, ತುಂಬಾ ಕಷ್ಟ ಆಗ್ತಿದ್ರೆ ಹೇಳು, ಆಚೆ ಗೆರೆಯವನನ್ನ ಈ ಕಡೆ ಹಾಕ್ತೀನಿ, ಒಳ್ಳೆಯ ಮನುಷ್ಯ, ಬೇಡ ಸರ್ ಅಂದಳು, ಹೋದರೆ ಹೆಂಗಸು ಓಡಿಹೋದಳು ಅನ್ನುತ್ತಾರೆ ಅಂದುಕೊಂಡಳು, ಅದೂ ನಿಜವೇ, ಪೂರ್ತಿ ನಿಜವಲ್ಲ, ಅವಳಿಗೆ ಆ ಗೆರೆಯಲ್ಲೇ ಇರಬೇಕಿತ್ತು, ಅಣ್ಣ ಅವಳ ಬೆನ್ನ ಹಿಂದೆ ಬಂದು ಕೂತಿದ್ದಾನೆ, ಆಚೆ ಕಡೆ ಅಂದವನು ಈಚೆ ಬಂದಿದ್ದಾನೆ, ಸುಮ್ಮನೆ ಬಂದಾನೆಯೇ, ಒಂದು ಸಲ, ಒಂದೇ ಒಂದು ಸಲ, ಬಾಯಿ ಮುಚ್ರೋ, ಅವಳು ನನ್ನ ತಂಗಿ, ಅನ್ನಲಿ, ಸಾಕು, ಆಮೇಲೆ ಅವರು ಕಲ್ಲು ಹೊಡೆಯಲಿ ಬೇಕಾದರೆ. ಎರಡನೇ ಅರ್ಧ ಶುರುವಾಗಿ ಎಷ್ಟೋ ಹೊತ್ತಾಯಿತು, ಅವಳ ಗೆರೆ ಅದೇ, ತಂಡಗಳು ತುದಿ ಬದಲಿಸಿದಂತೆ ಅವಳೂ ಗೆರೆಯ ಇನ್ನೊಂದು ಅರ್ಧಕ್ಕೆ, ಈಗಲೂ ಊರ ತಂಡ ನುಗ್ಗುವ ಕಡೆಯೇ, ನೀರಿನ ಬಾಟಲಿ ಬಂತು, ಸಿಪ್ಪೆ ಬಂತು, ಗಂಟಲು ಹೊಸ ಹೊಸದು ಹುಟ್ಟಿಸಿ ಕೂಗುತ್ತಿದ್ದಾನೆ, ಇವಳಿಗೆ ಗಂಡ ಸಿಕ್ಕಿಲ್ಲ ಅದಕ್ಕೇ ಬಾವುಟ ಹಿಡ್ಕೊಂಡು ಹುಡುಕ್ತಿದ್ದಾಳೆ ಕಣ್ರೋ, ಅದಕ್ಕೂ ಆ ಶಿಳ್ಳೆ ಬಂತು, ಮೊದಲು ಉದ್ದಕ್ಕೆ, ಕೊನೆಗೆ ಚೂಪಾಗಿ. ಅಣ್ಣ, ನೀನೂನಾ. ಗೋಡೆ ಕಣೇ, ಅದು ಗೋಡೆ, ಗೋಡೆ ಶಿಳ್ಳೆ ಹಾಕುತ್ತದೆಯೇ, ಕಣ್ಣು ಮಂಜಾಯಿತು, ರೆಪ್ಪೆ ಬಡಿದು ಸರಿಮಾಡಿಕೊಂಡಳು, ಕೊನೆಯ ಕಾವಲಿನವನು ಎಲ್ಲಿ, ಹಾಂ, ಅಲ್ಲಿದ್ದಾನೆ, ಎರಡೂ ಕಡೆ ಗೋಲಿಲ್ಲ, ಇವತ್ತು ಗೆಲ್ಲದಿದ್ದರೆ ಊರ ತಂಡ ಕೆಳಗಿನ ದರ್ಜೆಗೆ ಬೀಳುತ್ತದೆ, ಬಿದ್ದರೆ ಈ ಜನ ಅವಳ ಹೆಸರು ಹಿಡಿದೇ ಬೈಯುತ್ತಾರೆ, ವರ್ಷಗಟ್ಟಲೆ, ಅಂಗಡಿಗೆ ಬಂದು, ಓಣಿಗೆ ಬಂದು, ಮನೆಗೆ ಹೋದಾಗ ಅಮ್ಮ ಕೇಳುತ್ತಾಳೆ, ಬೈದ್ರಾ, ಇಲ್ಲಮ್ಮ, ಯಾರೂ ಬೈಯಲಿಲ್ಲ, ಅಂಗಿಯನ್ನು ತಾನೇ ಒಗೆದುಕೊಳ್ಳಬೇಕು, ಅಮ್ಮನಿಗೆ ಕಾಣಬಾರದು.

ಚೆಂಡು ನಡುವಿನಿಂದ ಎದ್ದಿತು, ಎತ್ತರಕ್ಕೆ, ಅವಳು ಚೆಂಡು ನೋಡಲಿಲ್ಲ, ನೋಡಬಾರದು, ಅದು ಕಾಲು ಬಿಟ್ಟ ಸದ್ದು ಮಾತ್ರ ಕಿವಿಗೆ, ಕಣ್ಣು ಅಡ್ಡಕ್ಕೆ ನೆಟ್ಟಗೆ, ಬಿಳಿ ಪಟ್ಟಿ, ಬಿಳಿ ಪಟ್ಟಿ ಕಾವಲಿನವನನ್ನು ದಾಟಿದೆ, ಸ್ವಲ್ಪ ಅಲ್ಲ, ಪೂರ್ತಿ ಒಂದು ಮೊಳ, ನಡುವೆ ಹಸಿರು ಹುಲ್ಲು, ಸಣ್ಣ ಮಗುವೂ ಹೇಳೀತು, ದಾಟಿತ್ತು ಅಣ್ಣ, ಭಲೇ — ಒಂದು ಉಸಿರು ತಡಿ ಮಗಳೇ — ತಡೆದಳು, ಕಂಡದ್ದು ನಿಜವೇ, ನಿಜ, ಎತ್ತು, ಕಾಲರಿನೊಳಗಿನ ಸಿಪ್ಪೆ ಬೆನ್ನಿಗೆ ಅಂಟಿಕೊಂಡಿದೆ, ಎತ್ತು, ಹಿಂದೆ ಎಲ್ಲರೂ ಉಸಿರು ಬಿಗಿಹಿಡಿದಿದ್ದಾರೆ, ಇಡೀ ದಿನದಲ್ಲಿ ಮೊದಲ ಸಲ ಸದ್ದಿಲ್ಲ, ಆಹಾ ಎಷ್ಟು ಹಿತ, ಇಷ್ಟೇ ಇಷ್ಟು ಹೊತ್ತು ಹೀಗೇ ಇರಲಿ, ಎತ್ತೇ, ಹುಡುಗ ಚೆಂಡನ್ನು ಎದೆಯಿಂದ ಇಳಿಸಿಕೊಂಡ, ಇನ್ನೂ ಅದೇ ಉಸಿರು, ಇನ್ನೂ ತಡೆದಿದ್ದೇನೆ ಸರ್, ನೀವು ಹೇಳಿದ ಹಾಗೆಯೇ, ಬಲೆ ಅಲುಗಾಡಿತು. ದೊಡ್ಡ ರೆಫರಿ ಅವಳ ಕಡೆ ನೋಡಿದ, ಅವಳನ್ನು ನಂಬಿ ನೋಡಿದ, ಬಾವುಟ ಮೇಲಿಲ್ಲ, ಗೋಲು ಸರಿಯಿದ್ದರೆ ಗೆರೆಯವರು ಮೈದಾನದ ನಡುಗೆರೆಯ ಕಡೆ ಓಡಬೇಕು, ಅದೇ ಸನ್ನೆ, ಅವಳ ಕಾಲು ಓಡಿದವು, ತಾನಾಗಿ ಓಡಿದವು, ಗೋಲಿನ ಶೀಟಿ ಕೇಳಿತು, ಕಾವಲಿನವನು ಎರಡೂ ಕೈ ಚಾಚಿಕೊಂಡು ಜೊತೆಗೇ ಓಡಿ ಬಂದ, ಮೇಡಂ, ನಿಮಗೆ ಕಾಣಲಿಲ್ವಾ ಮೇಡಂ, ನಿಜ ಹೇಳಿ ಮೇಡಂ, ಅವನ ಕಣ್ಣಲ್ಲಿ ನೀರು.

ಭಲೇ ಮೇಡಂ, ಈಗ ಕಣ್ಣು ಬಂತು ನೋಡ್ರೋ, ಗಂಟಲು ಕೂಗುತ್ತಿದ್ದ, ಗ್ಯಾಲರಿ ಚಪ್ಪಾಳೆ ತಟ್ಟುತ್ತಿತ್ತು, ಅವಳಿಗೆ, ಅವಳಿಗೇ, ಆ ಗದ್ದಲದ ಮೇಲೆ ಇನ್ನೊಂದು ದನಿ ಎದ್ದಿತು, ನನ್ನ ತಂಗಿ ಕಣ್ರೋ, ಏಯ್ ಕೇಳ್ರೋ ಇಲ್ಲಿ, ಅವಳು ನನ್ನ ಒಡಹುಟ್ಟಿದ ತಂಗಿ, ನಾನೇ ಕಲಿಸಿದ್ದು. ಅವಳು ತಿರುಗಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ತಿರುಗಿ ನೋಡಿದಳು, ತಂತಿ ಬೇಲಿಗೆ ಬೆರಳು ಸಿಕ್ಕಿಸಿ ಜೋತುಬಿದ್ದಿದ್ದ ಅಣ್ಣ, ಸೊಟ್ಟಗಾಲು ಗಾಳಿಯಲ್ಲಿ, ಮುಖದ ತುಂಬಾ ನಗು, ಬೆಂಕಿಪೊಟ್ಟಣ ಲೋಟ ದಾಟಿದ್ದು ಅವನಿಗೂ ಕಂಡಿತ್ತು, ಕಾಣದೆ ಇರುತ್ತದೆಯೇ, ಅವಳನ್ನೇ ನೋಡುತ್ತಾ ಒಂದು ಕಣ್ಣು ಮಿಟುಕಿಸಿದ. ಆ ಮಾತಿಗೇ ಕಾದಿದ್ದಳಲ್ಲ, ಬಂತಲ್ಲ, ಆಟ ಮತ್ತೆ ಶುರುವಾಗುತ್ತದೆ, ಗೆರೆಗೆ ಹೋಗಬೇಕು, ಕಾವಲಿನವನ ನೇರಕ್ಕೆ ನಿಲ್ಲಬೇಕು, ಬಾವುಟ ನೆಲದ ಕಡೆಗಿದೆ, ಉಸಿರು ಬಿಡಬೇಕು, ಇನ್ನೂ ಬಿಟ್ಟಿಲ್ಲ, ಮೊದಲು ಉಸಿರು ಬಿಡಬೇಕು, ಬಿಳಿ ಪಟ್ಟಿ, ಬೂಟು, ನಡುವೆ ಒಂದು ಮೊಳ ಹುಲ್ಲು, ಬಿಗಿಯಾಯ್ತಾ ಅಣ್ಣ, ಬಿಳಿ ಪಟ್ಟಿ, ಒಂದು ಮೊಳ ಹುಲ್ಲು, ಬಿಳಿ ಪಟ್ಟಿ