ಬೋಳು ಗೋಡೆ

ಬಳ್ಳಿ ಮೇಸ್ತ್ರಿಗೆ ಆ ಹೆಸರು ತಂದುಕೊಟ್ಟದ್ದು ಅವನ ಕೈ. ನಲವತ್ತು ವರ್ಷ ಅವನು ಗಾರೆಯಲ್ಲಿ ಬಳ್ಳಿ ಹಬ್ಬಿಸಿದ. ದೊಡ್ಡ ಮನೆಗಳ ಬಾಗಿಲ ಮೇಲೆ, ನಾಟಕಶಾಲೆಯ ಕಂಬಗಳ ನೆತ್ತಿಯಲ್ಲಿ, ಗೋಡೆ ಚಾವಣಿಗೆ ತಗಲುವ ಸಂದಿನುದ್ದಕ್ಕೂ ಎಲೆ, ಮೊಗ್ಗು, ಸುರುಳಿ. ಗೆರೆ ಹಾಕಿಕೊಳ್ಳುತ್ತಿರಲಿಲ್ಲ, ಅಳತೆ ಹಿಡಿಯುತ್ತಿರಲಿಲ್ಲ. ಅವನು ಕರಣೆ ಹಿಡಿದರೆ ಗೋಡೆಯೇ ಚಿಗುರುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಆ ಬಳ್ಳಿಗಳ ದುಡಿಮೆಯಲ್ಲೇ ಮಗಳು ಓದಿದಳು, ಓದಿ ಕಟ್ಟಡಗಳ ನಕ್ಷೆ ಬರೆಯುವವಳಾದಳು. ಬಳ್ಳಿಗಳೆಲ್ಲ ಸುಳ್ಳು ಎಂಬುದು ಅವಳು ಕಾಲೇಜಿನಲ್ಲಿ ಕಲಿತು ಬಂದ ಮೊದಲ ಪಾಠ.

"ಬಳ್ಳಿ ಯಾಕೆ ಹಾಕ್ತೀಯ ಅಪ್ಪ?" ಎಂದು ಒಮ್ಮೆ ಊಟಕ್ಕೆ ಕೂತಾಗ ಕೇಳಿದ್ದಳು.

"ಚೆಂದಕ್ಕೆ."

"ಚೆಂದಕ್ಕಲ್ಲ. ಗೋಡೆ, ಚಾವಣಿ ಸೇರೋ ಕಡೆ ಬಿರುಕು ಬಿಡುತ್ತೆ. ಅದನ್ನ ಮುಚ್ಚೋಕೆ. ನೀನೇ ಹೇಳಿದ್ದಲ್ವಾ?"

ಹೇಳಿದ್ದು ನಿಜ. ಮೇಸ್ತ್ರಿ ತಟ್ಟೆ ನೋಡುತ್ತ ಕೂತ. ಕಸುಬಿನ ಗುಟ್ಟನ್ನು ಮಕ್ಕಳ ಮುಂದೆ ಬಿಚ್ಚಬೇಡ ಎಂದು ಅವನಪ್ಪ ಹೇಳಿದ್ದು ಯಾಕೆಂದು ಅವತ್ತು ಗೊತ್ತಾಯಿತು.

ಆಮೇಲೆ ಬಳ್ಳಿ ಬೇಕೆನ್ನುವವರೇ ಇಲ್ಲವಾದರು. ಊರಿನಲ್ಲಿ ಏಳುತ್ತಿದ್ದ ಕಟ್ಟಡಗಳೆಲ್ಲ ಪೆಟ್ಟಿಗೆಗಳು. ಮೂರು ವರ್ಷ ಮೇಸ್ತ್ರಿ ಮನೆಯಲ್ಲಿ ಕೈ ಕಟ್ಟಿ ಕೂತ. ಒಂದೇ ಸೂರಿನಡಿ ಅವನೂ ಮಗಳೂ ಕಾಲಿನ ಸಪ್ಪಳದಲ್ಲೇ ಒಬ್ಬರನ್ನೊಬ್ಬರು ತಿಳಿದುಕೊಳ್ಳುತ್ತಿದ್ದರು.

ಅಂಥದರಲ್ಲಿ ಅವಳಿಗೆ ತನ್ನದೇ ಹೆಸರಿನಲ್ಲಿ ಮೊದಲ ಕಟ್ಟಡ ಬಂತು. ಕವಿಯೊಬ್ಬರಿಗೆ ಓದುವ ಮನೆ. ನಕ್ಷೆಯಲ್ಲಿ ಇದ್ದದ್ದೇ ಒಂದು ದೊಡ್ಡ ಕೋಣೆ, ಅದಕ್ಕೊಂದು ಉದ್ದ ಗೋಡೆ: ಮೂವತ್ತು ಅಡಿ ಉದ್ದ, ಹನ್ನೆರಡು ಅಡಿ ಎತ್ತರ. ಅದರ ತುದಿಯಲ್ಲಿ, ನೆಲದಿಂದ ಚಾವಣಿಯವರೆಗೆ, ಒಂದು ಗೇಣು ಅಗಲದ ಕಿಟಕಿ. ಸಂಜೆ ನಾಲ್ಕಕ್ಕೆ ಬಿಸಿಲು ಆ ಸಂದಿಯಿಂದ ಒಳಬಂದು ಗೋಡೆಯನ್ನು ಸವರಿಕೊಂಡು ಇನ್ನೊಂದು ತುದಿ ಮುಟ್ಟಬೇಕು. ಗೋಡೆಯಲ್ಲಿ ಒಂದು ಮೊಳೆಯೂ ಇರಕೂಡದು. ಬೆಳಕೇ ಅಲಂಕಾರ.

"ಈ ಗೋಡೆ ನೀನು ಮಾಡು ಅಪ್ಪ," ಎಂದಳು.

ಗುತ್ತಿಗೆದಾರ ಬೇಡವೆಂದಿದ್ದ. ಯಂತ್ರದಲ್ಲಿ ಗಾರೆ ಎರಚುವ ಜನ ಅವನ ಬಳಿ ಇದ್ದರು. ಮಗಳು ಹಟ ಹಿಡಿದು ಒಪ್ಪಿಸಿದ್ದಳು. ಗೋಡೆ ಕೆಟ್ಟರೆ ತನ್ನ ಕೈಯ ಮರ್ಯಾದೆಯ ಜೊತೆಗೆ ಅವಳ ಮೊದಲ ಕಟ್ಟಡವೂ ಹೋಗುತ್ತದೆ ಎಂಬುದು ಮೇಸ್ತ್ರಿಗೆ ಗೊತ್ತಿತ್ತು. ಇನ್ನೊಂದು ವಿಷಯ ಅವನಿಗೆ ಮಾತ್ರ ಗೊತ್ತಿತ್ತು. ಎರಡು ವರ್ಷದಿಂದ ಬಲಗೈ ಸಣ್ಣಗೆ ನಡುಗುತ್ತಿತ್ತು. ಬಳ್ಳಿಯಲ್ಲಾದರೆ ನಡುಕ ಎಲೆಯ ಅಂಚಾಗುತ್ತದೆ. ಬೋಳು ಗೋಡೆಯಲ್ಲಿ ಅದು ಎಲ್ಲಿ ಅಡಗಬೇಕು?

ಗಾರೆ ಕಲಸಲು ಅವನ ಹಳೆಯ ಜೊತೆಗಾತಿಯೇ ಬಂದಳು. ಎಲ್ಲರಿಗೂ ಅವಳು ಕಲಸೋ ಅಕ್ಕ. ಬಾಯಿ ಸುಮ್ಮನಿರುವ ಜಾಯಮಾನವಲ್ಲ.

"ಏನಣ್ಣ, ಇಷ್ಟು ದಿನ ಮದುಮಗಳಿಗೆ ಸಿಂಗಾರ ಮಾಡ್ತಿದ್ದೆ. ಈಗ ತಲೆ ಬೋಳಿಸೋ ಕೆಲಸಕ್ಕೆ ಬಂದೆಯಲ್ಲ!"

"ನೀನು ಕಲಸು. ಗಂಟು ಇರಬಾರದು."

"ನನ್ನ ಗಾರೇಲಿ ಗಂಟಾ? ಗಂಟು ನಿನ್ನ ಮುಖದಲ್ಲಿದೆ, ನೋಡ್ಕೋ ಹೋಗು."

ಮೊದಲ ದಿನ ಬೆಳಿಗ್ಗೆ, ಕಲಸುವುದಕ್ಕೂ ಮುಂಚೆ, ಮೇಸ್ತ್ರಿ ಗೋಣಿಚೀಲಗಳನ್ನು ನೀರಲ್ಲಿ ಅದ್ದಿ ಆ ಉದ್ದ ಕಿಟಕಿಗೆ ಕಟ್ಟಿದ. ಬಿಸಿಲು, ಗಾಳಿ ತಾಕಿದರೆ ಹಸಿ ಗಾರೆ ಬಿರಿಯುತ್ತದೆ. ಅವನಪ್ಪ ಹೀಗೇ ಕಟ್ಟುತ್ತಿದ್ದ, ಅಜ್ಜನೂ ಹೀಗೇ. ಯಾಕೆ ಎಂದು ಯಾರೂ ಕೇಳುವ ವಿಷಯವೇ ಅದಲ್ಲ. ಎದುರಿಗೊಂದು ದೀಪ ಉರಿಸಿಕೊಂಡು ಅವನು ಕೆಲಸಕ್ಕಿಳಿದ.

ಒಂಬತ್ತು ದಿನ. ತೂಗುಗುಂಡು ಬಿಟ್ಟು ನೋಡಿದ, ಮಟ್ಟಗೋಲು ಇಟ್ಟು ನೋಡಿದ, ಒದ್ದೆ ಬಟ್ಟೆಯಲ್ಲಿ ಉಜ್ಜಿದ. ಕೈ ನಡುಗಿದರೆ ಎಡಗೈಯಿಂದ ಮಣಿಕಟ್ಟು ಹಿಡಿದುಕೊಂಡ. ಮಗಳು ಚಾವಣಿಯ ಕೆಲಸದ ನಡುವೆ ಬಂದು ದೀಪದ ಬೆಳಕಿನಲ್ಲಿ ನೋಡಿ, "ಚೆನ್ನಾಗಿ ಬರ್ತಿದೆ ಅಪ್ಪ" ಎಂದು ಹೋಗುತ್ತಿದ್ದಳು. ಆ ಮಾತನ್ನು ಅವನು ಮನೆಯವರೆಗೂ ಹೊತ್ತುಕೊಂಡು ಹೋಗುತ್ತಿದ್ದ.

ಹತ್ತನೆಯ ದಿನ ಕವಿಗಳು ನೋಡಲು ಬಂದರು. ತೆಳ್ಳಗಿನ ಮನುಷ್ಯ, ಮಾತಿನ ನಡುವೆ ತುಂಬ ಹೊತ್ತು ನಿಲ್ಲುವವರು. ನಾಲ್ಕು ಗಂಟೆಯಾಗುತ್ತಿದ್ದಂತೆ ಮಗಳು ಅಕ್ಕನಿಗೆ ಕಣ್ಸನ್ನೆ ಮಾಡಿದಳು. ಅಕ್ಕ ಗೋಣಿ ಎಳೆದಳು.

ಬಿಸಿಲು ಗೋಡೆಯ ಮೇಲೆ ಓರೆಯಾಗಿ ಹರಿಯಿತು. ಹರಿದಂತೆಲ್ಲ ಗೋಡೆ ಅಲೆ ಅಲೆಯಾಗಿ ಎದ್ದಿತು. ಎದುರಿನ ದೀಪಕ್ಕೆ ಕಾಣದಿದ್ದ ಕಾಗದದಷ್ಟು ತಗ್ಗು, ಕಾಗದದಷ್ಟು ಉಬ್ಬು, ಒಂದೊಂದಕ್ಕೂ ಉದ್ದನೆಯ ನೆರಳು. ಅಷ್ಟೇ ಆಗಿದ್ದರೆ ಕೈನಡುಕ ಎನ್ನಬಹುದಿತ್ತು. ಆ ನೆರಳುಗಳು ಸುಮ್ಮನೆ ಬಿದ್ದಿರಲಿಲ್ಲ. ಒಂದೇ ಬೀಸಿನಲ್ಲಿ ಬಾಗಿ, ಸುತ್ತಿ, ಮತ್ತೆ ಬಾಗುತ್ತಿದ್ದವು. ನಲವತ್ತು ವರ್ಷ ಕೈ ಯಾವ ದಾರಿಯಲ್ಲಿ ಓಡಾಡಿತ್ತೋ ಅದೇ ದಾರಿ ಹಿಡಿದಿತ್ತು.

ಅಕ್ಕ ಎಳೆದ ಗೋಣಿಯನ್ನು ಎದೆಗವಚಿಕೊಂಡಳು.

"ಇರಲಿ ಬಿಡಮ್ಮ," ಎಂದರು ಕವಿಗಳು. "ಮನುಷ್ಯನ ಕೈ ಕಾಣುತ್ತೆ. ತಪ್ಪೇನಿದೆ?"

"ಕೈ ಕಾಣಬಾರದು ಅಂತಲೇ ಇದನ್ನ ಬರೆದದ್ದು ಸಾರ್," ಎಂದಳು ಮಗಳು.

ಮೇಸ್ತ್ರಿಯ ಬಾಯಿಂದ ಮಾತು ತಾನಾಗಿ ಬಂತು. "ಮೇಲ್ಗಡೆ ಒಂದು ಸಣ್ಣ ಪಟ್ಟಿ ಎಳೆದುಬಿಡ್ತೀನಿ. ಒಂದೆರಡು ಎಲೆ. ಕಣ್ಣು ಅಲ್ಲಿಗೆ ಹೋಗುತ್ತೆ, ಕೆಳಗಿಂದು ಕಾಣಲ್ಲ."

ಹೇಳಿ ಮುಗಿಸುವಷ್ಟರಲ್ಲಿ ನಾಚಿಕೆಯಾಯಿತು. ಮಗಳು ಅವನ ಕಡೆ ತಿರುಗಿದಳು. ಅವಳ ಮುಖದಲ್ಲಿ ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದ, ಇದ್ದದ್ದು ಮರುಕ.

"ಅಪ್ಪ, ಗೋಣಿ ಯಾಕೆ ಕಟ್ಟಿದ್ದೆ?"

"ಕಟ್ತಾರೆ."

"ಒಂದು ಸಲನೂ ಈ ಬೆಳಕಲ್ಲಿ ನೋಡ್ಲಿಲ್ವಾ?"

ನೀನು ಹೇಳಲಿಲ್ಲವಲ್ಲ ಎನ್ನಬಹುದಿತ್ತು. ನಕ್ಷೆಯಲ್ಲೇ ಇತ್ತಲ್ಲ ಎಂದು ಅವಳೂ ಅನ್ನಬಹುದಿತ್ತು. ಇಬ್ಬರೂ ಅನ್ನಲಿಲ್ಲ. ಕುಣಿಯಲಾರದವಳಿಗೆ ದೂರಲು ಡೊಂಕು ನೆಲವಾದರೂ ಇರುತ್ತದೆ. ಇಲ್ಲಿ ಗೋಡೆ ಡೊಂಕಾದದ್ದೇ ಅವನಿಂದ.

"ಒಡೆಸ್ತೀನಿ," ಎಂದಳು ಮಗಳು ನೆಲ ನೋಡುತ್ತ. "ಗುತ್ತಿಗೆದಾರರ ಜನ ಬರಲಿ."

ಮೇಸ್ತ್ರಿ ಹೊರಗೆ ಬಂದು ಇಟ್ಟಿಗೆ ರಾಶಿಯ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಕವಿಗಳೂ ಬಂದು ಪಕ್ಕದಲ್ಲಿ ಕೂತರು.

"ನಂದೂ ಇದೇ ಕಥೆ ಮೇಸ್ತ್ರಿ. ಮೊದಲು ಪ್ರಾಸ ಬಿಟ್ಟೆ. ಹಳೆಯವರು ಉಗಿದರು, ಹುಡುಗರು ಚಪ್ಪಾಳೆ ತಟ್ಟಿದರು. ಆಮೇಲೆ ಲಯ ಬಿಟ್ಟೆ. ಹೋಲಿಕೆ ಬಿಟ್ಟೆ. ಸುಳ್ಳು ಅನ್ನಿಸಿದ್ದನ್ನೆಲ್ಲ ಬಿಡ್ತಾ ಬಂದೆ."

"ಈಗ ಏನು ಉಳೀತು ಸಾರ್?"

ಕವಿಗಳು ಒಂದು ಇಟ್ಟಿಗೆ ಚೂರು ಎತ್ತಿ ಕೈಯಲ್ಲಿ ತಿರುಗಿಸಿದರು. "ಆರು ವರ್ಷ ಆಯ್ತು, ಒಂದು ಸಾಲು ಬರೆದಿಲ್ಲ. ಈ ಮನೆಗೆ ಬಂದರೆ ಬರುತ್ತೇನೋ ಅಂತ."

"ಮತ್ತೆ ಪ್ರಾಸಕ್ಕೇ ಹೋಗಬಹುದಲ್ಲ?"

"ನೋಡಿದೆ. ಸುಳ್ಳು ಅಂತ ಗೊತ್ತಾದ ಮೇಲೆ ಅದು ಬರಲ್ಲ ಮೇಸ್ತ್ರಿ."

ಮೇಸ್ತ್ರಿಗೆ ಅದು ಅರ್ಥವಾಯಿತು. ಅರ್ಥವಾದದ್ದರಿಂದ ಯಾವ ಉಪಯೋಗವೂ ಕಾಣಲಿಲ್ಲ.

ಗೋಡೆಯ ಗಾರೆ ಕೀಳಲು ಅರ್ಧ ದಿನ ಸಾಕಾಯಿತು. ಯಂತ್ರದವರು ಎರಡು ದಿನ ಎರಚಿ ತಿಕ್ಕಿದರು. ಆ ದಿನಗಳಲ್ಲಿ ಮೇಸ್ತ್ರಿ ಮನೆಯಿಂದ ಹೊರಬೀಳಲಿಲ್ಲ. ಮನಸ್ಸಿನೊಳಗೆ ಒಂದೇ ಆಸೆಯನ್ನು ಕಳ್ಳಮಾಲಿನಂತೆ ಬಚ್ಚಿಟ್ಟುಕೊಂಡಿದ್ದ: ಆ ಗೋಡೆ ಆಸ್ಪತ್ರೆಯ ಗೋಡೆಯ ಹಾಗೆ ಕಾಣಲಿ. ಸತ್ತಂತೆ ಇರಲಿ. ನೋಡಿದವರು ಮುಖ ತಿರುಗಿಸಲಿ. ಮಗಳ ಕಟ್ಟಡಕ್ಕೆ ಕೇಡು ಬಯಸುತ್ತಿದ್ದೇನೆ ಎಂದು ತಿಳಿದಾಗಲೂ ಆಸೆ ಹೋಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಮಗಳು ಬಂದು ಕರೆದಳು. "ಬಾ ಅಪ್ಪ. ನೀನು ನೋಡಬೇಕು."

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾಲ್ಕಾಯಿತು. ಬಿಸಿಲು ಸಂದಿಯಿಂದ ಇಳಿದು ಗೋಡೆಗೆ ತಾಗಿತು. ಎಲ್ಲಿಯೂ ತಡೆಯಲಿಲ್ಲ, ಎಲ್ಲಿಯೂ ಎಡವಲಿಲ್ಲ, ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿನಲ್ಲಿ ಹೋಯಿತು. ಇಡೀ ಕೋಣೆ ನಿಧಾನವಾಗಿ ಬೆಳಗಿತು. ಮೇಸ್ತ್ರಿ ತನ್ನ ಜನ್ಮದಲ್ಲಿ ಅಂಥದ್ದನ್ನು ಕಂಡಿರಲಿಲ್ಲ. ಚೆನ್ನಾಗಿತ್ತು. ತಾನು ಹಬ್ಬಿಸಿದ ಯಾವ ಬಳ್ಳಿಗಿಂತಲೂ ಚೆನ್ನಾಗಿತ್ತು.

"ಹೇಗಿದೆ?"

ಅವನು ಗೋಡೆಯ ಹತ್ತಿರ ಹೋದ. ಅಂಗೈ ಇಟ್ಟು ತುದಿಯಿಂದ ಸವರುತ್ತ ನಡೆದ. ಎಲ್ಲಾದರೂ ಒಂದು ತಗ್ಗು ಸಿಗಬೇಕು, ಒಂದು ಕಾಳಿನಷ್ಟು ಗಂಟು ಸಿಗಬೇಕು. ಹತ್ತು ಅಡಿ ಹೋದ, ಇಪ್ಪತ್ತು ಅಡಿ ಹೋದ. ಕೈಗೆ ಏನೂ ತಗಲಲಿಲ್ಲ.

"ಅಪ್ಪ," ಎಂದಳು ಮಗಳು ಹಿಂದಿನಿಂದ, ತುಂಬ ಮೆತ್ತಗೆ. "ಕೈ ತೆಗಿ. ಇನ್ನೂ ಪೂರ್ತಿ ಒಣಗಿಲ್ಲ. ಗುರುತು ಬೀಳುತ್ತೆ."

ಅವನು ಕೈ ತೆಗೆದ.