ಕಾವು ಪೆಟ್ಟಿಗೆಯ ಸುರುಳಿ

ನಮ್ಮ ಯಜಮಾನರ ಕೈಗೆ ತಂತಿ ಕೊಟ್ಟು ಬೇಗ ಬೇಗ ಅನ್ನೋದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳೋದೂ ಒಂದೇ. ಇಪ್ಪತ್ತಾರು ವರ್ಷದಿಂದ ಅಳತೆ ಯಂತ್ರಗಳ ಕಾರ್ಖಾನೆಯಲ್ಲಿ ಸುರುಳಿ ಸುತ್ತುತ್ತಾರೆ. ತಾಮ್ರಕ್ಕೆ ನಿಕ್ಕಲ್ ಬೆರೆಸಿದ ತಂತಿ ಅದು. ಕರೆಂಟಿಗೆ ಅದು ಒಡ್ಡೋ ತಡೆ ಬಿಸಿಯಾದರೂ ಅಷ್ಟೇ, ತಣ್ಣಗಾದರೂ ಅಷ್ಟೇ. ಅದಕ್ಕೇ ಅಳತೆಯ ಕೆಲಸಕ್ಕೆ ಅದನ್ನೇ ನಂಬೋದು. ಇವರೂ ಅದೇ ಜಾತಿ. ನಾನು ಎಷ್ಟು ಕಿರುಚಿದರೂ ಹೂಂ ಇಲ್ಲ, ಉಹೂಂ ಇಲ್ಲ.

ಆ ಬೆಳಗ್ಗೆ ನಾನು ಕಿರುಚಿದ್ದಕ್ಕೆ ಕಾರಣ ಇತ್ತು. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ನಡೆಯೋ ನನ್ನ ಮರಿ ಮಾಡೋ ಪೆಟ್ಟಿಗೆಯ ಕಾವಿನ ತಂತಿ ತುಂಡಾಗಿತ್ತು. ಒಳಗೆ ನಲವತ್ತೆರಡು ಕೋಳಿಮೊಟ್ಟೆ, ಹತ್ತೊಂಬತ್ತನೇ ದಿನ. ಇನ್ನೆರಡು ದಿನ ತಳ್ಳಿದರೆ ಮರಿ. ಹೋದ ಸಲ ಕಾವು ಹೆಚ್ಚಾಗಿ ಒಂದೂ ಉಳಿದಿರಲಿಲ್ಲ. ಮಿತಿ ಮೀರದ ಹಾಗೆ ತಾನೇ ಆರೋ ಸ್ವಿಚ್ಚು ಹೊಸದಾಗಿ ಹಾಕಿಸಿ, ಇದೂ ಹೋದರೆ ಪೆಟ್ಟಿಗೆ ಮುರಿದು ಒಲೆಗೆ ಹಾಕ್ತೀನಿ ಅಂತ ಅತ್ತೆ ಎದುರು ಆಣೆ ಬೇರೆ ಮಾಡಿದ್ದೆ. ನನ್ನ ಬಾಯಿ ಸುಮ್ಮನಿರಬೇಕಲ್ಲ!

"ರೀ, ಕರೆಂಟ್ ಸ್ಟೌವಿಗೆ ಹಾಕೋ ತಂತಿ ಒಂದು ತಂದು ಹಾಕ್ರೀ."

"ಅದು ಕೆಂಪಗೆ ಕಾಯೋಕೆ ಇರೋದು ಕಣೇ. ಬೆಸುಗೆ ಕೂಡ ಕೂರಲ್ಲ. ನಮ್ಮ ತಂತಿ ಮೆಲ್ಲಗೆ ಬೆಚ್ಚಗಾಗುತ್ತೆ, ಬೆಸುಗೆನೂ ಸಲೀಸು. ನಾನೇ ಸುತ್ತಿಕೊಡ್ತೀನಿ."

ಮನೆಯಲ್ಲಿ ಒಂದು ರೀಲು ಇತ್ತು. ಕೂತರು. ನಾನೂ ಅತ್ತೆಯೂ ಮೊಟ್ಟೆಗಳನ್ನ ಕಂಬಳಿಯಲ್ಲಿ ಸುತ್ತಿ, ಸುತ್ತ ಬಿಸಿನೀರಿನ ಬಾಟಲಿ ಇಟ್ಟೆವು. ಇವರು ಸುತ್ತಿದರು, ಅಳೆದರು. ಒಂದು ಸುತ್ತು ಬಿಚ್ಚಿದರು, ಮತ್ತೆ ಅಳೆದರು. ತಡೆ ಏಳು ಓಮ್ ಅಂದರೆ ಏಳೇ ಆಗಬೇಕಂತೆ, ಒಂದು ಕೂದಲಷ್ಟೂ ಹೆಚ್ಚುಕಮ್ಮಿ ಆಗಬಾರದಂತೆ. ಎರಡು ಗಂಟೆ ಹೋಯಿತು. ನಾನು ಮೂರು ಸಲ ನೀರು ಕಾಯಿಸಿದೆ.

"ಇವನು ಹುಟ್ಟುವಾಗಲೂ ಹೀಗೇ ಕಣಮ್ಮ, ಹದಿನೈದು ದಿನ ತಡ" ಅಂದರು ಅತ್ತೆ.

ಅಂತೂ ಸುರುಳಿ ಕೂತಿತು. ಮೊಟ್ಟೆ ಒಳಗಿಟ್ಟು ಸ್ವಿಚ್ ಹಾಕಿದೆವು. ಮೂವತ್ತೇಳೂವರೆ ಡಿಗ್ರಿ ಬೇಕು. ಮೂವತ್ತೊಂದಕ್ಕೆ ಏರಿ ಅಲ್ಲೇ ನಿಂತಿತು. ಅರ್ಧ ಗಂಟೆ ಕಾದರೂ ಮೂವತ್ತೊಂದೇ.

ಇವರು ಸುರುಳಿ ಮೇಲೆ ಕೈಯಿಟ್ಟರು. "ನೋಡು, ಎಷ್ಟು ತಂಪಾಗಿದೆ! ಕೈ ಇಟ್ಟರೂ ಸುಡಲ್ಲ" ಅಂತ ಹಿಗ್ಗಿದವರು, ಮರುಗಳಿಗೆಯೇ ಪೆಚ್ಚಾದರು.

ಕಾರ್ಖಾನೆಯಲ್ಲಿ ಬಿಸಿಯಾದ ಸುರುಳಿ ಅಂದರೆ ಕೆಟ್ಟ ಸುರುಳಿ. ತಂತಿ ಕಾಯಬಾರದು ಅಂತಲೇ ಇವರ ಕೈ ಇಪ್ಪತ್ತಾರು ವರ್ಷ ದುಡಿದಿದೆ. ಇಲ್ಲೂ ಅದೇ ಅಭ್ಯಾಸದಲ್ಲಿ ಏಳು ಓಮ್ ಅಂತ ಲೆಕ್ಕ ಹಾಕಿ, ಬೇಕಾದ್ದಕ್ಕಿಂತ ಎರಡರಷ್ಟು ಉದ್ದ ಸುತ್ತಿಬಿಟ್ಟಿದ್ದರು. ಅಯ್ಯೋ ನನ್ನ ಕರ್ಮವೇ! ಕಾವು ಕೊಡದ ಕಾವಿನ ತಂತಿಯನ್ನ ಇವರಲ್ಲದೆ ಇನ್ಯಾರು ಸುತ್ತುತ್ತಾರೆ?

"ಅರ್ಧ ಕತ್ತರಿಸಿದರೆ ತಡೆ ಅರ್ಧ ಆಗಿ ಕಾವು ಎರಡರಷ್ಟಾಗುತ್ತೆ" ಅಂದರು, ಸಣ್ಣ ದನಿಯಲ್ಲಿ.

"ಮತ್ತೆ ಕತ್ತರಿಸಿ!"

"ಮೀಟರ್ ತರ್ತೀನಿ ತಾಳು, ಸರಿಯಾಗಿ ಅಳೆದು..."

ನನಗೆ ಬೈಯೋ ಶಕ್ತಿಯೂ ಉಳಿದಿರಲಿಲ್ಲ. ಪೆಟ್ಟಿಗೆ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ನನ್ನ ಕೂಗು ಕೇಳಿದ್ದಾರೆ, ಅಳು ಕೇಳಿರಲಿಲ್ಲ. ಮೀಟರ್ ಬಿಟ್ಟು ಕಟರ್ ತಗೊಂಡರು. ಕಣ್ಣಳತೆಯಲ್ಲೇ ಕಚಕ್ ಅಂತ ಕತ್ತರಿಸಿ ಬೆಸೆದರು.

ಕಾವು ತೋರಿಸೋ ಮುಳ್ಳು ಏರಿತು. ಮೂವತ್ತೇಳೂವರೆಗೆ ಸ್ವಿಚ್ಚು ಟಕ್ ಅಂದಾಗ ಅತ್ತೆ ಕೈಮುಗಿದರು.

ಆಮೇಲೆ ಇವರು ಪೆಟ್ಟಿಗೆ ಬಿಟ್ಟು ಕದಲಲಿಲ್ಲ. ಕಾರ್ಖಾನೆಗೆ ರಜೆ ಹೇಳಿಕಳಿಸಿದರು, ಊಟ ಅಲ್ಲೇ. ಇಪ್ಪತ್ತೊಂದನೇ ದಿನ ಸಂಜೆಯಾದರೂ ಒಂದು ಮೊಟ್ಟೆಯೂ ಬಿರಿಯಲಿಲ್ಲ. ನಾನು ಅತ್ತೆಯ ಮುಖ ನೋಡೋಕೆ ಹೋಗಲಿಲ್ಲ.

ಮಾರನೇ ದಿನ ಬೆಳಗ್ಗೆ ಇವರು ಮೊಟ್ಟೆಯೊಂದನ್ನ ಕಿವಿಗೆ ಹಿಡಿದು, "ಬಾರೇ, ಬಾರೇ, ಒಳಗೆ ಯಾರೋ ಬಡೀತಿದ್ದಾರೆ!" ಅಂತ ಕೂಗಿದರು. ಈ ಮನುಷ್ಯ ಕೂಗಿದ್ದು ನಾನು ಕೇಳಿದ್ದು ಅದೇ ಮೊದಲು.

ಮಧ್ಯಾಹ್ನಕ್ಕೆ ಮೂವತ್ತಮೂರು ಮರಿ. ಒಂಬತ್ತು ಮೊಟ್ಟೆ ಹಾಗೇ ಉಳಿದವು. ಇವರು ಆ ಒಂಬತ್ತನ್ನೂ ಮುಂದಿಟ್ಟುಕೊಂಡು, "ಅವತ್ತು ನಾನು ಎರಡು ಗಂಟೆ ಅಳೀತಾ ಕೂರದಿದ್ದರೆ ಇವೂ ಬದುಕ್ತಿದ್ದವೇನೋ" ಅಂದರು.

ಬೈಯೋಕೆ ಇದಕ್ಕಿಂತ ಒಳ್ಳೆ ಸಮಯ ಇನ್ನೆಲ್ಲಿ ಸಿಗುತ್ತೆ? ಆದರೂ ನಾನು ಒಂದು ಮರಿ ಎತ್ತಿ ಅವರ ಅಂಗೈಗಿಟ್ಟು, "ಹಿಡ್ಕೊಳ್ಳಿ, ಬೀಳಿಸಬೇಡಿ" ಅಂದೆ. ಎರಡೂ ಕೈ ಸೇರಿಸಿ ಹಿಡಿದು, ಅದು ನಿದ್ದೆ ಹೋಗೋವರೆಗೂ ಅಲ್ಲಾಡದೆ ಕೂತಿದ್ದರು.